ಕಲ್ಲಿಗೆ ಬಡಿದ ರೀಲು: ಗಾಳದ ರೀಲಿನ ಸಣ್ಣಪುಟ್ಟ ಪೆಟ್ಟುಗಳನ್ನು ಮನೆಯಲ್ಲೇ ಸರಿಮಾಡುವ ಬಗೆ

ಸೂಳೆಕೆರೆ ಏರಿಯ ಕಲ್ಲಿಗೆ ರಾಡ್ ಒರಗಿಸಿ ಚಹಾ ಕುಡಿಯಲು ಹೋಗಿದ್ದೆ. ಗಾಳಿಗೆ ಜಾರಿ ಬಿತ್ತು. ಎತ್ತಿ ನೋಡಿದರೆ ರೀಲಿನ ಬಣ್ಣ ಒಂದೆರಡು ಕಡೆ ಕಿತ್ತಿತ್ತು, ಅಷ್ಟೇ ಅಂದುಕೊಂಡೆ. ಆಮೇಲಿನ ಒಂದು ತಾಸಿನಲ್ಲಿ ಎರಡು ಸಲ ದಾರ ಕಡಿಯಿತು. ದಾರವನ್ನು ಬೈದೆ, ಮಾರಿದ ಅಂಗಡಿಯವನನ್ನೂ ಬೈದೆ, ಮನೆಗೆ ಬಂದು ಹೊಸ ದಾರ ಸುತ್ತಿದೆ. ಮುಂದಿನ ಭಾನುವಾರ ಅದೂ ಕಡಿಯಿತು.

ತಪ್ಪು ಎಲ್ಲಿದೆ ಅಂತ ಹಿಡಿದುಕೊಟ್ಟವರು ನಮ್ಮ ದೊಡ್ಡಪ್ಪ. ಅವರು ಜನ್ಮದಲ್ಲಿ ಗಾಳ ಹಿಡಿದವರಲ್ಲ. ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಬಾಬಿನ್ನುಗಳ ನಡುವೆ ಆಯುಷ್ಯ ಕಳೆದವರು. ರೀಲನ್ನು ಕೈಗೆ ತೆಗೆದುಕೊಂಡು, ಒಂದು ಸುತ್ತು ಹೊರಳಿಸಿ ನೋಡಿ, “ದಾರದ್ದೇನೂ ತಪ್ಪಿಲ್ಲಪಾ, ಅಂಚಿಗೆ ಹಲ್ಲು ಬಂದೈತಿ. ಒಂದೀಟು ಹತ್ತಿ ತಗಂಬಾ” ಅಂದರು. ಹತ್ತಿಯ ಎಳೆಯನ್ನು ಸ್ಪೂಲಿನ, ಅಂದರೆ ದಾರ ಸುತ್ತಿಕೊಳ್ಳುವ ಉರುಳೆಯ, ಅಂಚಿನ ಸುತ್ತ ಮೆಲ್ಲಗೆ ಸವರಿದರು. ಒಂದು ಜಾಗದಲ್ಲಿ ಎಳೆ ಸಿಕ್ಕಿಕೊಂಡು ನಿಂತಿತು. ಅಲ್ಲಿ ಸಾಸಿವೆಯ ಕಾಲು ಭಾಗದಷ್ಟೂ ಇಲ್ಲದ ಒಂದು ಮುಳ್ಳು ಎದ್ದಿತ್ತು.

ದೊಡ್ಡಪ್ಪನ ಕಣ್ಣಿಗೆ ಅದು ಅಷ್ಟು ಬೇಗ ಬಿದ್ದಿದ್ದಕ್ಕೆ ಕಾರಣ ಇದೆ. ನಾವು ಇವತ್ತು ಬಳಸುವ ಸ್ಪಿನ್ನಿಂಗ್ ರೀಲಿನ ಮೂಲ ಮಾದರಿಗೆ 1905ರಲ್ಲಿ ಪೇಟೆಂಟ್ ಪಡೆದ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್‌ನವನು. ಅದು ಉಣ್ಣೆ ಗಿರಣಿಗಳ ಊರು. ಗಿರಣಿಯಲ್ಲಿ ನೂಲು ನಿಂತ ಬಾಬಿನ್ನಿನ ತುದಿಯಿಂದ ಜಾರಿ ಬರುವ ಹಾಗೆಯೇ ಈ ರೀಲಿನಲ್ಲಿ ದಾರವೂ ನಿಂತ ಸ್ಪೂಲಿನ ತುದಿಯಿಂದ ಜಾರಿ ಹೋಗುತ್ತದೆ. ಎಸೆದಷ್ಟು ಸಲವೂ ಇಡೀ ದಾರ ಆ ಅಂಚನ್ನು ಉಜ್ಜಿಕೊಂಡೇ ಹೊರಡಬೇಕು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ದಾವಣಗೆರೆಯ ಮಿಲ್ ಕಾರ್ಮಿಕನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಬರೆಯುತ್ತಿರುವುದೆಲ್ಲ ಸ್ಪಿನ್ನಿಂಗ್ ರೀಲಿನ ಬಗ್ಗೆ, ಅದರಲ್ಲೂ ಮನೆಯಲ್ಲಿ ಕೂತು ಸರಿಮಾಡಬಹುದಾದ ಪೆಟ್ಟುಗಳ ಬಗ್ಗೆ: ಅಂಚಿನ ಮುಳ್ಳು, ಬಾಗಿದ ತಂತಿ, ಬಿಗಿದುಕೊಂಡ ರೋಲರ್, ಜಗ್ಗಾಡುವ ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ಹದವಾಗಿ ಬಿಟ್ಟುಕೊಡುವ ತಡೆ), ಮಣ್ಣು ಹೊಕ್ಕ ಸದ್ದು, ಸಡಿಲ ಹಿಡಿಕೆ. ಒಳಗಿನ ಗೇರಿನ ಹಲ್ಲು ಮುರಿದಿದ್ದರೆ ಅದು ಬೇರೆ ಕಥೆ.

ನಮ್ಮ ಕಡೆ ರೀಲು ಕೆಡುವ ರೀತಿ

ಸಮುದ್ರದ ಕಡೆಯವರಿಗೆ ಉಪ್ಪಿನ ಕಾಟ. ನಮಗೆ ಮಣ್ಣಿನ ಕಾಟ. ಸೂಳೆಕೆರೆ, ಕೊಂಡಜ್ಜಿ, ಭದ್ರಾ ನಾಲೆಯ ದಂಡೆಗಳಲ್ಲಿ ಸಿಗುವ ಗೋಡು ಹಿಟ್ಟಿನಷ್ಟು ನುಣುಪು. ಒಳಗಿನ ಗ್ರೀಸಿಗೆ ಕಲೆತು ಉಜ್ಜುವ ಮುಲಾಮಿನಂತಾಗಿ ತಿಂಗಳುಗಟ್ಟಲೆ ಸದ್ದಿಲ್ಲದೆ ಸವೆಸುತ್ತದೆ. ಚಿತ್ರದುರ್ಗ, ಹಿರಿಯೂರಿನ ಕಡೆ ಹೋದರೆ ಕಲ್ಲು ಪುಡಿಯಾದ ದಪ್ಪ ಮರಳು. ಅದು ಒಳಗೆ ಹೋದ ಕ್ಷಣದಿಂದಲೇ ಕರಕರ ಅಂತ ಹೇಳಿಕೊಳ್ಳುತ್ತದೆ, ಒಂದು ಲೆಕ್ಕದಲ್ಲಿ ಒಳ್ಳೆಯದೇ.

ಇನ್ನೊಂದು, ಸಿಕ್ಕಿಬಿದ್ದ ಗಾಳವನ್ನು ಹಿಡಿಕೆ ತಿರುಗಿಸಿ ಎಳೆಯುವ ಚಟ. ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ನೀರು ಅಷ್ಟು ಏರಿದಾಗ ಅಂಚಿನ ಜಾಲಿ ಗಿಡಗಳು ಮುಳುಗುತ್ತವೆ, ಗಾಳ ಹೋಗಿ ಅಲ್ಲೇ ಕೂರುತ್ತದೆ. ಆಗ ರೀಲಿನಿಂದ ಜಗ್ಗಿದರೆ ಬಾಗುವುದು ಜಾಲಿಯಲ್ಲ, ಸ್ಪೂಲಿನ ಸುತ್ತ ತಿರುಗಿ ದಾರ ಸುತ್ತುವ ರೋಟರಿನ ತೋಳು. ಡ್ರ್ಯಾಗ್ ಬಿಗಿಮಾಡಿ, ರಾಡನ್ನು ದಾರದ ನೇರಕ್ಕೆ ಹಿಡಿದು, ದಾರವನ್ನು ಟವೆಲ್ ಸುತ್ತಿದ ಒಂದು ತುಂಡು ಕಟ್ಟಿಗೆಗೆ ಸುತ್ತಿ, ಅದನ್ನು ಹಿಡಿದು ಹಿಂದಕ್ಕೆ ನಡೆಯಿರಿ.

ಹೊಂದಿಸಿಕೊಳ್ಳಬೇಕಾದ್ದು

ಮೀನುಗಾರಿಕೆಯ ಸಾಮಾನಿನ ಅಂಗಡಿ ಹುಡುಕಿಕೊಂಡು ಹೋಗಬೇಕಿಲ್ಲ. ಟೈಲರ್ ಸಾಮಾನಿನ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ಸಿಗುತ್ತದೆ. ಸಣ್ಣ ಬೇರಿಂಗಿಗೆ ಅಷ್ಟು ತೆಳುವಾದ ಎಣ್ಣೆ ಸಾಕು. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುವ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, ಹಳೇ ಗ್ರೀಸ್ ತೆಗೆಯಲು ಬೇಕು. ಬೇಗ ಹೊತ್ತಿಕೊಳ್ಳುವ ದ್ರವ, ಅಡುಗೆಮನೆಯಲ್ಲಿ ಈ ಕೆಲಸ ಬೇಡ. ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ 600, 1000, 1500, 2000 ನಂಬರಿನದು ಒಂದೊಂದು ಹಾಳೆ. ಬೈಕ್ ಬಿಡಿಭಾಗದ ಅಂಗಡಿಯಲ್ಲಿ ಲಿಥಿಯಂ ಗ್ರೀಸಿನ ಚಿಕ್ಕ ಡಬ್ಬಿ. ಡ್ರ್ಯಾಗ್ ವಾಷರುಗಳಿಗೆ ಹಚ್ಚುವ ಡ್ರ್ಯಾಗ್ ಗ್ರೀಸನ್ನು ಮಾತ್ರ ಆನ್‌ಲೈನಿನಲ್ಲಿ ತರಿಸಬೇಕಾಗುತ್ತದೆ, ಅದಕ್ಕೆ ಬದಲಿ ಇಲ್ಲ.

ಉಳಿದದ್ದು ಮನೆಯಲ್ಲೇ ಇದೆ: ಹತ್ತಿ, ಇಯರ್‌ಬಡ್, ಹಳೇ ಹಲ್ಲುಜ್ಜುವ ಬ್ರಷ್, ಹಲ್ಲುಕಡ್ಡಿ, ಐಸ್‌ಕ್ರೀಮ್ ಕಡ್ಡಿ, ಉಗುರು ಬಣ್ಣ, ಒಂದು ಮೊಟ್ಟೆ ಟ್ರೇ. ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಟ್ರೇಯ ಗುಳಿಗಳಲ್ಲಿ ಇಡುತ್ತ ಹೋಗಿ, ಜೋಡಿಸುವಾಗ ಕೊನೆಯ ಗುಳಿಯಿಂದ ಹಿಂದಕ್ಕೆ ಬನ್ನಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೊ. ‘ನೆನಪಿರುತ್ತೆ ಬಿಡು’ ಅಂದುಕೊಂಡ ವಾಷರೇ ಕೊನೆಗೆ ಕೈಯಲ್ಲಿ ಉಳಿಯುವುದು.

ಸ್ಕ್ರೂಡ್ರೈವರ್ ವಿಷಯದಲ್ಲಿ ಜಿಪುಣತನ ಬೇಡ. ಜಪಾನಿ ಕಂಪನಿಗಳ ರೀಲುಗಳಲ್ಲಿ ಇರುವ ಸ್ಟಾರ್ ಸ್ಕ್ರೂ ಹೆಚ್ಚಾಗಿ ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ ಅಳತೆಯದು. ಮಾಮೂಲಿ ಫಿಲಿಪ್ಸ್ ತುದಿ ಅದರಲ್ಲಿ ತಳದವರೆಗೆ ಕೂರುವುದಿಲ್ಲ. ಒತ್ತಿ ತಿರುಗಿಸಿದರೆ ಮೇಲಕ್ಕೆ ಎದ್ದು ಸ್ಕ್ರೂ ತಲೆಯನ್ನೇ ತಿಂದುಹಾಕುತ್ತದೆ. ಜಪಾನಿ ಮೂಲದ ಹಳೇ ಬೈಕುಗಳನ್ನು ಬಿಚ್ಚಿ ಪಳಗಿದ ಮೆಕ್ಯಾನಿಕ್ಕುಗಳಿಗೆ ಈ ವ್ಯತ್ಯಾಸ ಗೊತ್ತು, ಕೇಳಿದರೆ ಹೇಳುತ್ತಾರೆ.

ಏನು ಹಾಕಬಾರದು ಅನ್ನುವುದೂ ಅಷ್ಟೇ ಮುಖ್ಯ. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಗಿನ ಜಾವ ಚಿತ್ರದುರ್ಗದಲ್ಲಿ ನಿಂತರೆ ರೀಲು ತಿರುಗುವುದೇ ಇಲ್ಲ. ಶೇಂಗಾ ಎಣ್ಣೆ ದಿನ ಕಳೆದಂತೆ ಅಂಟಾಗುತ್ತದೆ. ಥಿನ್ನರ್ ತಾಗಿದರೆ ಪ್ಲಾಸ್ಟಿಕ್ಕೂ ಬಣ್ಣವೂ ಹಾಳು. ತುಕ್ಕು ಬಿಡಿಸುವ ಸ್ಪ್ರೇಗಳು ಬಿಗಿದ ಸ್ಕ್ರೂ ಸಡಿಲಿಸಲು ಸರಿ, ಆದರೆ ಅವು ಎಣ್ಣೆಯ ಜಾಗ ತುಂಬುವುದಿಲ್ಲ. ಹೊಡೆದರೆ ಇದ್ದ ಗ್ರೀಸನ್ನೂ ತೊಳೆದುಕೊಂಡು ಹೋಗುತ್ತವೆ.

ಬಿಚ್ಚುವ ಮುಂಚೆ

ಡ್ರ್ಯಾಗ್ ನಾಬನ್ನು ಪೂರ್ತಿ ಬಿಗಿಮಾಡಿ, ಒಳಗಿನ ವಾಷರುಗಳಿಗೆ ನೀರು ಇಳಿಯಬಾರದು. ನಲ್ಲಿಯನ್ನು ಸಣ್ಣಗೆ ಬಿಟ್ಟು ಹೊರಮೈ ತೊಳೆಯಿರಿ. ಬೈಕ್ ತೊಳೆಯುವ ಪಂಪಿನ ಮುಂದೆ ಹಿಡಿಯಬೇಡಿ, ಬಕೆಟ್ಟಿನಲ್ಲಿ ಮುಳುಗಿಸಬೇಡಿ; ಹೊರಗಿದ್ದ ಮಣ್ಣನ್ನು ನಾವೇ ಒಳಗೆ ಕಳಿಸಿದ ಹಾಗಾಗುತ್ತದೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಸುಣ್ಣ ಜಾಸ್ತಿ, ಒಣಗಲು ಬಿಡದೆ ಬಟ್ಟೆಯಿಂದ ಒರೆಸಿ.

ಆಮೇಲೆ ಕಣ್ಣುಮುಚ್ಚಿ ಹಿಡಿಕೆಯನ್ನು ನಿಧಾನವಾಗಿ ಇಪ್ಪತ್ತು ಸುತ್ತು ತಿರುಗಿಸಿ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ತಡೆಯಾದರೆ ಏನೋ ಬಾಗಿದೆ. ಸುತ್ತಿನುದ್ದಕ್ಕೂ ಕರಕರ ಅಂದರೆ ಮಣ್ಣು, ಇಲ್ಲವೇ ಒಣಗಿದ ಬೇರಿಂಗ್. ಸ್ಪೂಲ್ ತೆಗೆದಿಟ್ಟು ಮತ್ತೆ ತಿರುಗಿಸಿ ನೋಡಿ. ಸದ್ದು ನಿಂತರೆ ದೋಷ ಸ್ಪೂಲಿನ ಕಡೆ ಇದೆ, ನಿಲ್ಲದಿದ್ದರೆ ರೋಟರ್ ಅಥವಾ ಗೇರಿನ ಕಡೆ. ಐದು ನಿಮಿಷದ ಈ ಕೆಲಸ ಬಿಟ್ಟರೆ ಬೇಡದ ಕಡೆಯೆಲ್ಲ ಬಿಚ್ಚಿ ಕೂರುತ್ತೀರಿ.

ಸ್ಪೂಲಿನ ಅಂಚಿನ ಮುಳ್ಳು

1. ಡ್ರ್ಯಾಗ್ ನಾಬ್ ಬಿಚ್ಚಿ ಸ್ಪೂಲನ್ನು ಮೇಲಕ್ಕೆ ಎತ್ತಿ. ಅದರ ಕೆಳಗೆ ಶಾಫ್ಟಿನ ಮೇಲೆ ಕಾಗದದಷ್ಟು ತೆಳುವಾದ ಒಂದೆರಡು ವಾಷರ್ ಇರುತ್ತವೆ, ಕೆಲವು ಸಲ ಗ್ರೀಸಿಗೆ ಅಂಟಿ ಸ್ಪೂಲಿನ ಜೊತೆಗೇ ಬಂದುಬಿಡುತ್ತವೆ. ಎಷ್ಟಿವೆ ಎಣಿಸಿ ಟ್ರೇಗೆ ಹಾಕಿ. ದಾರ ಸಮನಾಗಿ ಸುತ್ತಿಕೊಳ್ಳುವುದು ಇವುಗಳ ಮೇಲೆ ನಿಂತಿದೆ.

2. ಸುತ್ತಿದ ದಾರದ ಮೇಲೆ ಟೇಪ್ ಹಚ್ಚಿ ಮುಚ್ಚಿ. ಉಜ್ಜುವಾಗ ಬರುವ ಪುಡಿ ದಾರದ ನಡುವೆ ಕೂತರೆ ಅದೇ ಮುಂದೆ ದಾರವನ್ನು ಕೆರೆಯುತ್ತದೆ.

3. ಚಿಟಿಕೆ ಹತ್ತಿಯನ್ನು ಎಳೆಯಾಗಿ ಬಿಡಿಸಿ ಅಂಚಿನ ಮೇಲೆ, ಒಳಬದಿಯಲ್ಲಿ, ಮುಂಬದಿಯಲ್ಲಿ ಸವರಿ. ಎಳೆ ನಿಂತಲ್ಲಿ ಮಾರ್ಕರಿನಿಂದ ಗುರುತು ಮಾಡಿ. ಬೆರಳಿಗೆ ಸಿಗದ ಮುಳ್ಳು ಹತ್ತಿಗೆ ಸಿಗುತ್ತದೆ.

4. ಪೆಟ್ಟು ಬಿದ್ದಾಗ ಲೋಹ ಒಂದು ಕಡೆ ತಗ್ಗಿ ಪಕ್ಕದಲ್ಲಿ ಉಬ್ಬುತ್ತದೆ. ಉಬ್ಬನ್ನು ಉಜ್ಜಿ ತೆಗೆಯುವ ಮೊದಲು ಒತ್ತಿ ಕೂರಿಸಲು ನೋಡಿ. ಸ್ಟೀಲ್ ಚಮಚದ ಬೆನ್ನನ್ನು ಅಂಚಿಗೆ ಒತ್ತಿಹಿಡಿದು, ಅಂಚಿನ ಗುಂಟ ಹತ್ತಿಪ್ಪತ್ತು ಸಲ ಎಳೆಯಿರಿ. ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಮುಳ್ಳು ಮುಕ್ಕಾಲು ಪಾಲು ಇಷ್ಟಕ್ಕೇ ಮಲಗುತ್ತದೆ.

5. ಉಳಿದಿದ್ದಕ್ಕೆ 1000 ನಂಬರಿನ ವಾಟರ್ ಪೇಪರನ್ನು ಐಸ್‌ಕ್ರೀಮ್ ಕಡ್ಡಿಗೆ ಸುತ್ತಿ, ಸೋಪು ನೀರಿನಲ್ಲಿ ಅದ್ದಿ, ಅಂಚಿನ ಗುಂಟವೇ ಉಜ್ಜಿ. ಅಡ್ಡಡ್ಡ ಉಜ್ಜಿದರೆ ದಾರ ಹಾದುಹೋಗುವ ದಾರಿಗೆ ನೂರಾರು ಗೀರು ಬೀಳುತ್ತವೆ. ಮುಳ್ಳು ತೀರಾ ದೊಡ್ಡದಿದ್ದರೆ ಮಾತ್ರ 600ರಿಂದ ಶುರುಮಾಡಿ. ಆಮೇಲೆ 1500, ಕೊನೆಗೆ 2000.

6. ಕಾರು ಪಾಲಿಶ್ ಮಾಡುವ ರಬ್ಬಿಂಗ್ ಕಾಂಪೌಂಡನ್ನು, ಇಲ್ಲದಿದ್ದರೆ ಬಿಳಿ ಟೂತ್‌ಪೇಸ್ಟನ್ನು, ಬಟ್ಟೆಗೆ ಹಚ್ಚಿ ಹೊಳಪು ಬರುವತನಕ ತಿಕ್ಕಿ, ತೊಳೆದು ಒರೆಸಿ.

7. ಮತ್ತೆ ಹತ್ತಿ. ಎಲ್ಲೂ ನಿಲ್ಲದಿದ್ದರೆ ಒಂದು ಮೀಟರ್ ನೈಲಾನ್ ದಾರವನ್ನು ಅಂಚಿನ ಮೇಲೆ ಬಿಗಿಯಾಗಿ ಎಳೆದಾಡಿ, ಆ ದಾರವನ್ನು ಎರಡು ಉಗುರುಗಳ ನಡುವೆ ಜಾರಿಸಿ ನೋಡಿ. ತರಿ ಸಿಗಬಾರದು.

ತಗ್ಗು ಹಾಗೇ ಕಾಣುತ್ತಿದ್ದರೆ ಇರಲಿ ಬಿಡಿ. ದಾರ ಕಡಿಯುವುದು ಎದ್ದ ಮುಳ್ಳಿನಿಂದ, ನುಣುಪಾದ ತಗ್ಗಿನಿಂದ ಅಲ್ಲ. ತಗ್ಗು ಮಾಯವಾಗುವತನಕ ಉಜ್ಜುತ್ತ ಕೂತರೆ ಅಂಚು ಒಂದು ಕಡೆ ಚಪ್ಪಟೆಯಾಗುತ್ತದೆ; ನಾನು ಒಂದು ಸ್ಪೂಲನ್ನು ಮೂರು ಮೂಲೆಯ ಅರದಿಂದ ಉಜ್ಜಿ ಹೀಗೇ ಕೆಡಿಸಿಟ್ಟಿದ್ದೇನೆ. ಅಂಚಿಗೆ ಬಂಗಾರದ ಬಣ್ಣದ ಗಟ್ಟಿ ಲೇಪ ಇರುವ ಸ್ಪೂಲಾದರೆ ಇನ್ನೂ ಹುಷಾರು. ಲೇಪ ಒಮ್ಮೆ ಹೋದರೆ ಕೆಳಗಿನ ಮೆತ್ತನೆ ಲೋಹ ಬೇಗ ಸವೆಯುತ್ತದೆ. ಪ್ಲಾಸ್ಟಿಕ್ ಅಂಚು ಸೀಳಿದ್ದರೆ ರಿಪೇರಿ ಇಲ್ಲ, ಸ್ಪೂಲನ್ನೇ ಬದಲಿಸಿ.

ಬೇಲ್ ತಂತಿ ಮತ್ತು ಅದರ ಸ್ಪ್ರಿಂಗು

ಇದು ಕೋರ್ಟಿನ ಬೇಲ್ ಅಲ್ಲ, ಎಸೆಯುವ ಮುಂಚೆ ಎತ್ತಿ, ಸುತ್ತುವಾಗ ಮಗುಚುವ ಆ ಅರ್ಧ ಬಳೆಯಂಥ ತಂತಿ. ರೀಲು ಬಿದ್ದರೆ ಮೊದಲು ಪೆಟ್ಟು ತಿನ್ನುವುದು ಇದೇ. ಬಾಗಿದ್ದರೆ ಪೂರ್ತಿ ಮಗುಚುವುದಿಲ್ಲ, ದಾರ ಅದರ ತುದಿಯ ಪುಟ್ಟ ಗಾಲಿಯ, ಅಂದರೆ ರೋಲರಿನ, ಮೇಲೆ ಕೂರದೆ ತಂತಿಯ ಮೇಲೇ ನಿಲ್ಲುತ್ತದೆ.

ತಂತಿ ಗಟ್ಟಿಯೋ ಟೊಳ್ಳೋ ಮೊದಲು ನೋಡಿ. ದಪ್ಪಗಿದ್ದೂ ಹಗುರವಾಗಿದ್ದರೆ ಅದು ಕೊಳವೆ. ಕೊಳವೆಯನ್ನು ಪಕ್ಕಡಿನಲ್ಲಿ ಹಿಡಿದು ತಿರುಚಿದರೆ ಕಬ್ಬಿನ ಗಿಣ್ಣು ಮುರಿದ ಹಾಗೆ ಮಡಚಿಕೊಳ್ಳುತ್ತದೆ, ಆಮೇಲೆ ನೆಟ್ಟಗಾಗುವ ಮಾತಿಲ್ಲ. ಅದಕ್ಕೆ ಬರೀ ಹೆಬ್ಬೆರಳುಗಳ ಒತ್ತಡ ಸಾಕು. ಗಟ್ಟಿ ತಂತಿಯಾದರೆ ಪಕ್ಕಡಿನ ಬಾಯಿಗೆ ಬಟ್ಟೆ ಸುತ್ತಿ ಹಿಡಿಯಿರಿ. ಆದಷ್ಟು ಮಟ್ಟಿಗೆ ತಂತಿಯನ್ನು ರೋಟರಿನಿಂದ ಬಿಡಿಸಿಕೊಂಡೇ ಬಾಗಿಸಿ, ಇಲ್ಲದಿದ್ದರೆ ನಿಮ್ಮ ಬಲವೆಲ್ಲ ರೋಟರಿನ ಪ್ಲಾಸ್ಟಿಕ್ ತೋಳಿನ ಮೇಲೆ ಬೀಳುತ್ತದೆ. ಸ್ವಲ್ಪ ಒತ್ತಿ, ಕೂರಿಸಿ ನೋಡಿ, ಮತ್ತೆ ಸ್ವಲ್ಪ ಒತ್ತಿ. ಒಂದೇ ಸಲಕ್ಕೆ ಸರಿಮಾಡಲು ಹೋಗಿ ಆಕಡೆ ಈಕಡೆ ನಾಲ್ಕು ಸಲ ಬಾಗಿಸಿದರೆ ಸ್ಟೀಲ್ ದಣಿದು ಮುರಿಯುತ್ತದೆ. ತಂತಿ ರೋಲರಿಗೆ ಸೇರುವ ಜಾಗದಲ್ಲಿ ಮೆಟ್ಟಿಲಿನಂತೆ ಏಣು ಉಳಿದಿದ್ದರೆ 2000 ನಂಬರಿನ ಪೇಪರಿನಿಂದ ತಿಕ್ಕಿ. ದಾರ ಜಾರಿ ರೋಲರಿಗೆ ಇಳಿಯುವ ದಾರಿ ಅದು.

ತಂತಿ ಸರಿಯಿದ್ದೂ ಬೇಲ್ ಜೋತು ಬಿದ್ದರೆ ಸ್ಪ್ರಿಂಗು ಮುರಿದಿರಬಹುದು. ರೋಟರಿನ ತೋಳಿನ ಪಕ್ಕದ ಚಿಕ್ಕ ಮುಚ್ಚಳದ ಕೆಳಗೆ ಅದು ಕೂತಿರುತ್ತದೆ. ಮುಚ್ಚಳ ತೆಗೆಯುವಾಗ ಇಡೀ ರೀಲನ್ನು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದ ಒಳಗಿಟ್ಟು, ಕೈಯನ್ನೂ ಚೀಲದೊಳಗೆ ಹಾಕಿ ಬಿಚ್ಚಿ. ಹಾರಿದ ಸ್ಪ್ರಿಂಗು ಚೀಲದಲ್ಲೇ ಬೀಳುತ್ತದೆ. ಚೀಲವಿಲ್ಲದೆ ಬಿಚ್ಚಿದ ದಿನ ಮಂಚ, ಬೀರು ಎಲ್ಲ ಸರಿಸಿ ಹುಡುಕಿದ್ದೇನೆ. ನೆಟ್ಟನೆಯ ಸುರುಳಿ ಸ್ಪ್ರಿಂಗಾದರೆ ಬಾಲ್‌ಪೆನ್ನಿನ ಸ್ಪ್ರಿಂಗನ್ನು ಅಳತೆಗೆ ಕತ್ತರಿಸಿ ಹಾಕಿ ಒಂದು ಮಧ್ಯಾಹ್ನ ತಳ್ಳಬಹುದು, ಅದಕ್ಕಿಂತ ಹೆಚ್ಚು ಬಾಳುವುದಿಲ್ಲ.

ರೋಲರ್: ಎಲ್ಲರೂ ಮರೆಯುವ ಭಾಗ

ಬೇಲಿನ ಒಂದು ತುದಿಯಲ್ಲಿ ದಾರ ತೊಂಬತ್ತು ಡಿಗ್ರಿ ತಿರುಗುವ ಜಾಗದಲ್ಲಿ ಒಂದು ಪುಟ್ಟ ಗಾಲಿ ಇದೆ. ದಾರ ಬಂದಂತೆ ಅದು ಉರುಳಬೇಕು. ಉರುಳದೆ ನಿಂತರೆ ದಾರ ಅದರ ಮೇಲೆ ಉಜ್ಜಿಕೊಂಡು ಬಿಸಿಯಾಗುತ್ತದೆ, ತಿರುಚಿಕೊಳ್ಳುತ್ತದೆ, ಮುಂದಿನ ಎಸೆತದಲ್ಲಿ ಗುಂಗುರು ಕೂದಲಿನ ಗಂಟಾಗಿ ಹೊರಗೆ ಬರುತ್ತದೆ. ‘ದಾರ ಸರಿಯಿಲ್ಲ’ ಅನ್ನುವ ದೂರುಗಳಲ್ಲಿ ಬಹುಪಾಲು ಈ ಗಾಲಿಯದೇ ಅನ್ನುವುದು ನನ್ನ ಅನುಭವ.

ಪರೀಕ್ಷೆ ಸುಲಭ. ಗಾಲಿಯ ಮೇಲೆ ಮಾರ್ಕರಿನಿಂದ ಒಂದು ಚುಕ್ಕೆ ಇಡಿ. ದಾರದ ತುದಿಯನ್ನು ಇನ್ನೊಬ್ಬರು ಸ್ವಲ್ಪ ಬಿಗಿಯಾಗಿ ಹಿಡಿದುಕೊಳ್ಳಲಿ, ನೀವು ಸುತ್ತಿ. ಚುಕ್ಕೆ ತಿರುಗುತ್ತಿದ್ದರೆ ಸರಿ. ನಿಂತಲ್ಲೇ ನಿಂತರೆ ಬಿಚ್ಚಬೇಕು.

ಇಲ್ಲಿ ಇರುವುದು ಒಂದೇ ಸ್ಕ್ರೂ, ಆದರೆ ಬಿಗಿಯಾಗಿ ಅಂಟು ಹಾಕಿ ಕೂರಿಸಿರುತ್ತಾರೆ. ಬಗ್ಗದಿದ್ದರೆ ಹೇರ್ ಡ್ರೈಯರಿನಿಂದ ಒಂದು ನಿಮಿಷ ಬಿಸಿಮಾಡಿ, ತುದಿ ಸರಿಯಾಗಿ ಕೂತ ಸ್ಕ್ರೂಡ್ರೈವರಿನಿಂದ ಒತ್ತಿ ತಿರುಗಿಸಿ. ಸ್ಕ್ರೂ ಬಂದಮೇಲೆ ಒಳಗಿನ ವಾಷರ್, ಬುಷ್, ಬೇರಿಂಗ್, ಗಾಲಿ ಒಂದರ ಹಿಂದೆ ಒಂದು ಇರುತ್ತವೆ. ಗಾಲಿಯ ಒಂದು ಬದಿ ದಪ್ಪ, ಇನ್ನೊಂದು ಬದಿ ಸಣ್ಣ ಇರುವುದುಂಟು. ಯಾವ ಬದಿ ಹೊರಗಿತ್ತು ಅಂತ ಫೋಟೊ ಇಲ್ಲದಿದ್ದರೆ ಜೋಡಿಸುವಾಗ ತಲೆಕೆಡುತ್ತದೆ.

ಎಲ್ಲವನ್ನೂ ಸ್ಟೀಲ್ ಬಟ್ಟಲಿನಲ್ಲಿ ಐಪಿಎ ಹಾಕಿ ಹದಿನೈದು ನಿಮಿಷ ನೆನೆಸಿ. ಬೇರಿಂಗನ್ನು ಅಲ್ಲಾಡಿಸಿ ತೆಗೆದು, ಹೊಸ ಐಪಿಎಯಲ್ಲಿ ಮತ್ತೊಮ್ಮೆ ಅದ್ದಿ, ಒಣಗಿಸಿ. ಹಲ್ಲುಕಡ್ಡಿಗೆ ಸಿಕ್ಕಿಸಿ ಬೆರಳಿನಿಂದ ತಿರುಗಿಸಿ. ನುಣ್ಣಗೆ ತಿರುಗಿದರೆ ಒಂದೇ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ, ಸಾಕು. ಇನ್ನೂ ಕರಕರ ಅಂದರೆ ಬೇರಿಂಗ್ ಮುಗಿದಿದೆ. ಬದಲಿಸಲು ವರ್ನಿಯರ್ ಕ್ಯಾಲಿಪರಿನಲ್ಲಿ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ಅಳೆಯಿರಿ. ಹಲವು ರೀಲುಗಳ ರೋಲರಿನಲ್ಲಿ 4 ಮಿ.ಮೀ. ಒಳವ್ಯಾಸ, 7 ಮಿ.ಮೀ. ಹೊರವ್ಯಾಸ, 2.5 ಮಿ.ಮೀ. ದಪ್ಪದ ಬೇರಿಂಗ್ ಇರುತ್ತದೆ. ಬೇರಿಂಗ್ ಅಂಗಡಿಯಲ್ಲಿ ಇದನ್ನು ಎಂಆರ್74ಜಡ್‌ಜಡ್ ಅಂತ ಕೇಳಬೇಕು. ಅಗ್ಗದ ರೀಲಿನಲ್ಲಿ ಬೇರಿಂಗ್ ಬದಲು ಪ್ಲಾಸ್ಟಿಕ್ ಬುಷ್ ಇದ್ದರೆ ಗಾಬರಿಯಾಗಬೇಡಿ. ತೊಳೆದು ಹನಿ ಎಣ್ಣೆ ಬಿಟ್ಟರೆ ಅದೂ ಉರುಳುತ್ತದೆ.

ಗಾಲಿಯ ಮೇಲೆ ದಾರ ಕೊರೆದ ಗೆರೆ ಬಿದ್ದಿದೆಯೇ ಉಗುರಿನಿಂದ ನೋಡಿ. ಉಗುರು ಸಿಕ್ಕುವಷ್ಟು ಆಳವಿದ್ದರೆ ಪಾಲಿಶ್ ಮಾಡಿ ಪ್ರಯೋಜನವಿಲ್ಲ, ಗಾಲಿಯನ್ನೇ ತರಿಸಿ. ಜೋಡಿಸುವಾಗ ಸ್ಕ್ರೂವನ್ನು ಕೊನೆಯತನಕ ಹಿಂಡಬೇಡಿ, ಬಿಗಿಯಾಗಿ ಕೂತ ಮೇಲೆ ಚುಕ್ಕೆಯ ಪರೀಕ್ಷೆ ಮತ್ತೆ ಮಾಡಿ. ಸ್ಕ್ರೂ ತಾನಾಗಿ ಸಡಿಲವಾಗದಿರಲು ತಲೆಯ ಅಂಚಿಗೆ ಒಂದು ಚುಕ್ಕೆ ಉಗುರು ಬಣ್ಣ. ಮನೆಯಾಕೆಯನ್ನು ಕೇಳಿ ತೆಗೆದುಕೊಳ್ಳುವುದು ಕ್ಷೇಮ.

ಜಗ್ಗಾಡುವ ಡ್ರ್ಯಾಗ್

ದೊಡ್ಡ ಕಾಟ್ಲಾ ಓಡಿದಾಗ ದಾರ ಒಂದೇ ಹದದಲ್ಲಿ ಬಿಟ್ಟುಕೊಡಬೇಕು. ತಡೆದು ತಡೆದು ಬಿಟ್ಟರೆ ಪ್ರತಿ ತಡೆಗೂ ದಾರಕ್ಕೆ ಒಂದು ಹೊಡೆತ. ಸ್ಪೂಲಿನ ಮೇಲ್ಭಾಗದಲ್ಲಿ ಒಂದು ತಂತಿಯ ರಿಂಗು ವಾಷರುಗಳನ್ನು ಹಿಡಿದಿಟ್ಟಿರುತ್ತದೆ. ತೆಳುವಾದ ತುದಿಯಿಂದ ಅದನ್ನು ಎಬ್ಬಿಸಿ, ಇದೂ ಹಾರುವ ಜಾತಿಯದು. ಕೆಳಗೆ ಲೋಹದ ವಾಷರ್ ಮತ್ತು ಉಜ್ಜುವ ವಾಷರ್ ಒಂದಾದಮೇಲೊಂದು ಇರುತ್ತವೆ. ಕ್ರಮ ತಪ್ಪಿದರೆ ಡ್ರ್ಯಾಗ್ ಕೆಲಸವನ್ನೇ ಮಾಡುವುದಿಲ್ಲ.

ಉಜ್ಜುವ ವಾಷರ್ ಕಂಬಳಿಯ ತುಂಡಿನಂತಿದ್ದರೆ ಅದು ಫೆಲ್ಟ್. ಐಪಿಎಯಲ್ಲಿ ಮುಳುಗಿಸಬೇಡಿ, ಟಿಶ್ಯೂ ಕಾಗದದ ನಡುವೆ ಒತ್ತಿ ಕೊಳೆ, ನೀರು ತೆಗೆದು, ಡ್ರ್ಯಾಗ್ ಗ್ರೀಸನ್ನು ತೆಳುವಾಗಿ ಮೆತ್ತಿ. ಕಪ್ಪಗೆ ನೇಯ್ಗೆ ಕಾಣುವಂತಿದ್ದರೆ ಕಾರ್ಬನ್. ಅದನ್ನು ಒರೆಸಿ, ಮೈಗೆ ಎಣ್ಣೆ ಸವರಿದಷ್ಟೇ ತೆಳುವಾಗಿ ಅದೇ ಗ್ರೀಸ್ ಹಚ್ಚಿ. ಬೈಕಿನ ಗ್ರೀಸ್ ಇಲ್ಲಿ ಬೇಡ, ಬಿಸಿಗೆ ಅದರ ಗುಣವೇ ಬೇರೆಯಾಗಿ ಒಮ್ಮೆ ಜಾರುತ್ತದೆ, ಒಮ್ಮೆ ಹಿಡಿಯುತ್ತದೆ. ಲೋಹದ ವಾಷರಿನ ಮೇಲೆ ತುಕ್ಕಿನ ಚುಕ್ಕೆಗಳಿದ್ದರೆ ಗಾಜಿನ ಮೇಲೆ 1000 ನಂಬರಿನ ಪೇಪರ್ ಹಾಸಿ, ವಾಷರನ್ನು ಎಂಟು ಬರೆದಂತೆ ತಿಕ್ಕಿ. ಗಾಜು ಸಮತಟ್ಟಾಗಿರುವುದರಿಂದ ವಾಷರೂ ಸಮತಟ್ಟಾಗಿಯೇ ಉಳಿಯುತ್ತದೆ.

ಅಳೆಯಲು ತಕ್ಕಡಿ ಬೇಕಿಲ್ಲ, ನೀರಿನ ಬಾಟಲಿ ಸಾಕು: ಒಂದು ಲೀಟರ್ ಅಂದರೆ ಒಂದು ಕೆ.ಜಿ. ಡ್ರ್ಯಾಗನ್ನು ದಾರದ ತಾಳಿಕೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇಡುವುದು ವಾಡಿಕೆ. 8 ಕೆ.ಜಿ. ದಾರವಾದರೆ ಎರಡು ಲೀಟರ್ ಬಾಟಲಿಯನ್ನು ಕೈಚೀಲಕ್ಕೆ ಹಾಕಿ ದಾರಕ್ಕೆ ಕಟ್ಟಿ, ರೀಲನ್ನು ರಾಡಿನಿಂದ ಬಿಚ್ಚಿ ಎತ್ತಿ ಹಿಡಿಯಿರಿ. ಚೀಲ ನಿಧಾನಕ್ಕೆ ಇಳಿಯಲು ಶುರುವಾಗುವತನಕ ನಾಬ್ ಸಡಿಲಿಸಿ. ನೋಡಬೇಕಾದ್ದು ಇಳಿಯುವ ಬಗೆಯನ್ನು. ಬಾವಿಗೆ ಕೊಡ ಬಿಟ್ಟ ಹಾಗೆ ಒಂದೇ ಸಮ ಇಳಿದರೆ ಕೆಲಸ ಆಯಿತು. ಕುಣಿದು ಕುಣಿದು ಇಳಿದರೆ ಮತ್ತೆ ಬಿಚ್ಚಿ. ಮನೆಯಲ್ಲಿಡುವಾಗ ನಾಬನ್ನು ಸಡಿಲಿಸಿಯೇ ಇಡಿ, ಫೆಲ್ಟ್ ಒತ್ತಿ ಒತ್ತಿ ಹಲಗೆಯಾಗುವುದು ತಪ್ಪುತ್ತದೆ.

ಒಳಗೆ ಮಣ್ಣು ಹೊಕ್ಕರೆ

ಸ್ಪೂಲ್ ತೆಗೆದ ಮೇಲೂ ಕರಕರ ನಿಲ್ಲದಿದ್ದರೆ ರೋಟರ್ ಬಿಚ್ಚಿ. ನಡುವಿನ ನಟ್ಟಿನ ಪಕ್ಕ ಒಂದು ಪುಟ್ಟ ತಡೆ ಸ್ಕ್ರೂ ಇರುತ್ತದೆ, ಅದನ್ನು ಮೊದಲು ತೆಗೆಯಿರಿ. ಕೆಲವು ರೀಲುಗಳಲ್ಲಿ ಈ ನಟ್ಟಿಗೆ ಉಲ್ಟಾ ಥ್ರೆಡ್ ಇರುತ್ತದೆ. ಒಂದು ಕಡೆ ಬಗ್ಗದಿದ್ದರೆ ಬಲ ಹಾಕುವ ಮುಂಚೆ ಇನ್ನೊಂದು ಕಡೆ ಮೆಲ್ಲಗೆ ತಿರುಗಿಸಿ ನೋಡಿ. ರೋಟರಿನ ಹಿಂದೆ ಸೇರಿದ ಮರಳನ್ನು ಒಣ ಬ್ರಷ್ಷಿನಿಂದ ಗುಡಿಸಿ, ಐಪಿಎ ಅದ್ದಿದ ಇಯರ್‌ಬಡ್ಡಿನಿಂದ ಒರೆಸಿ, ಹಿಡಿಕೆ ತಿರುಗಿಸಿ ಕೇಳಿ. ಅರ್ಧದಷ್ಟು ಸಲ ಇಲ್ಲಿಗೇ ಸದ್ದು ನಿಲ್ಲುತ್ತದೆ.

ನಿಲ್ಲದಿದ್ದರೆ? ಇದೇ ಮೊದಲ ರೀಲಾದರೆ ಇಲ್ಲಿಗೆ ನಿಲ್ಲಿಸಿ, ಬಿಚ್ಚಿ ಅನುಭವವಿರುವವರನ್ನು ಜೊತೆಗೆ ಕೂರಿಸಿಕೊಳ್ಳಿ ಅನ್ನುತ್ತೇನೆ. ಕೈ ಪಳಗಿದ್ದರೆ ಪಕ್ಕದ ಮುಚ್ಚಳದ ಮೂರು ನಾಲ್ಕು ಸ್ಕ್ರೂ ತೆಗೆದು, ದೊಡ್ಡ ಗೇರನ್ನು ಹೊರತೆಗೆದು, ಹಳೇ ಗ್ರೀಸನ್ನೆಲ್ಲ ಬ್ರಷ್ಷಿನಿಂದ ತೊಳೆದು, ಹಲ್ಲುಗಳಿಗೆ ಹೊಸ ಗ್ರೀಸನ್ನು ದೋಸೆಗೆ ಬೆಣ್ಣೆ ಸವರಿದ ಹಾಗೆ ಹಚ್ಚಿ. ಬೆಣ್ಣೆ ದೋಸೆಯ ಊರಿನವರು ಅಂತ ಧಾರಾಳವಾಗಿ ತುಂಬಬೇಡಿ. ಹೆಚ್ಚಾದ ಗ್ರೀಸ್ ಹರಿದು ಹೋಗಿ ಕೂರುವುದು ಹಿಮ್ಮುಖ ತಡೆಯುವ ಕ್ಲಚ್ ಬೇರಿಂಗಿನಲ್ಲಿ.

ಆ ಕ್ಲಚ್ಚಿಗೆ ಗ್ರೀಸ್ ಅಂದರೆ ಆಗದು. ಒಳಗಿನ ಸಣ್ಣ ಸಣ್ಣ ಉರುಳೆಗಳು ಜಿಡ್ಡಿಗೆ ಅಂಟಿಕೊಂಡರೆ ಹಿಡಿಕೆ ಹಿಂದಕ್ಕೂ ಜಾರಲು ಶುರುವಾಗುತ್ತದೆ, ಗಾಳ ಕಚ್ಚಿಸಲು ಜಗ್ಗಿದಾಗ ಕೈಗೆ ಪೆಟ್ಟು. ಅದನ್ನು ಬಿಡಿಬಿಡಿ ಮಾಡದೆ, ಇಡಿಯಾಗಿ ಐಪಿಎಯಲ್ಲಿ ಜಾಲಿಸಿ, ಒಣಗಿಸಿ, ಹಲ್ಲುಕಡ್ಡಿಯ ತುದಿಗೆ ಅಂಟಿದಷ್ಟು ತೆಳು ಎಣ್ಣೆ ಮುಟ್ಟಿಸಿ ಕೂರಿಸಿ.

ಹಿಡಿಕೆ, ಬಣ್ಣ, ಪಾದ

ಹಿಡಿಕೆ ಲೊಡಲೊಡ ಅಂದರೆ ಎದುರು ಬದಿಯ ಮುಚ್ಚಳದ ಸ್ಕ್ರೂ ಬಿಗಿಮಾಡಿ ನೋಡಿ. ಹೆಚ್ಚಿನ ಸಲ ಅಷ್ಟೇ ಇರುತ್ತದೆ. ನೇರವಾಗಿ ಗೇರಿಗೆ ತಿರುಪುವ ಹಿಡಿಕೆಯಾದರೆ ಥ್ರೆಡ್ಡಿನಲ್ಲಿ ಮಣ್ಣಿದೆಯೇ ಒರೆಸಿ, ಒಂದಿಷ್ಟು ಗ್ರೀಸ್ ಹಚ್ಚಿ ಹಾಕಿ. ಬಣ್ಣ ಕಿತ್ತ ಜಾಗಕ್ಕೆ ಐಪಿಎಯಿಂದ ಜಿಡ್ಡು ತೆಗೆದು ಉಗುರು ಬಣ್ಣ ಎರಡು ಪದರ.

ರಾಡಿಗೆ ಕೂರುವ ಪಾದದಲ್ಲಿ ಬಿರುಕು ಕಂಡರೆ ಮಾತ್ರ ಫೆವಿಕ್ವಿಕ್, ಅರಾಲ್ಡೈಟ್ ಅಂತ ಸಮಯ ಕಳೆಯಬೇಡಿ. ನೈಲಾನ್ ಬೆರೆತ ಆ ವಸ್ತುವಿಗೆ ಅಂಟು ಗಟ್ಟಿಯಾಗಿ ಹಿಡಿಯುವುದಿಲ್ಲ, ಮೀನು ಎಳೆಯುವ ಭಾರವೆಲ್ಲ ಬೀಳುವುದು ಅಲ್ಲೇ. ಆ ರೀಲನ್ನು ಎಸೆಯದೆ ಬಿಡಿಭಾಗಕ್ಕೆ ಇಟ್ಟುಕೊಳ್ಳಿ.

ಮತ್ತೆ ನೀರಿಗೆ

ದಾರವನ್ನು ಒದ್ದೆ ಬಟ್ಟೆಯ ನಡುವೆ ಹಿಡಿದು ಬಿಗಿಯಾಗಿ ಸುತ್ತಿ, ಅಂಚಿಗಿಂತ 2ರಿಂದ 3 ಮಿ.ಮೀ. ಕೆಳಗೆ ನಿಲ್ಲಿಸಿ. ಹೆಣೆದ ದಾರವಾದರೆ ತಳಕ್ಕೆ ಮೊದಲು ಒಂದಿಷ್ಟು ನೈಲಾನ್ ದಾರ ಸುತ್ತಿಕೊಳ್ಳಿ, ಇಲ್ಲದಿದ್ದರೆ ಇಡೀ ಸುತ್ತು ಸ್ಪೂಲಿನ ಮೇಲೆ ಜಾರುತ್ತದೆ.

ಮೊದಲ ದಿನ ಮೀನಿನ ಆಸೆ ಬಿಟ್ಟು ಹೋಗಿ. ಕೆರೆ ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರನ್ನು ಒಂದು ಮಾತು ಕೇಳಿ, ಗಾಳವಿಲ್ಲದೆ ಬರೀ ಸೀಸ ಕಟ್ಟಿ ಹದಿನೈದಿಪ್ಪತ್ತು ಸಲ ಎಸೆಯಿರಿ. ಆಮೇಲೆ ಕೊನೆಯ ಹತ್ತು ಮೀಟರ್ ದಾರವನ್ನು ಎರಡು ಉಗುರುಗಳ ನಡುವೆ ಜಾರಿಸುತ್ತ ಬನ್ನಿ. ಎಲ್ಲೂ ತರಿ ಸಿಗದಿದ್ದರೆ ಸೀಸ ಬಿಚ್ಚಿ ಗಾಳ ಕಟ್ಟಿ. ಸಿಕ್ಕರೆ ಜೇಬಿನಲ್ಲಿರುವ ಹತ್ತಿ ತೆಗೆಯಿರಿ.